ಅಪ್‌ಡೇಟ್: ಬಿಳಿ ಪಟ್ಟೆ ಎಲೆಯ ಟೊಮೆಟೊ ಹಸಿರಿಗೆ ತಿರುಗಿದ್ದು

ಎಲೆ ಮೇಲೆ ಬಿಳಿ ಪಟ್ಟೆ ಇರೋ ಟೊಮೆಟೊ ಗಿಡ ಏಪ್ರಿಲ್‌ನಲ್ಲಿ ಪೂರ್ತಿ ಹಸಿರಾಯ್ತು, ತಳಿ ಕೆಟ್ಟಿತಾ ಅಂತ ಕೇಳಿದ್ದೆ. ಕೆಟ್ಟಿಲ್ಲ, ಸೆಕೆ ಕಾರಣ. ಹಾಸನದಲ್ಲಿ ಮಳೆ ಹಿಡಿದು ತಂಪಾದ ಮೇಲೆ ಹೊಸ ಚಿಗುರಲ್ಲಿ ಪಟ್ಟೆ ವಾಪಸ್ ಬಂದಿದೆ. ಹಳೇ ಎಲೆ ಹಾಗೇ ಹಸಿರು, ಅದು ಬದಲಾಗಲ್ಲ. ಪಟ್ಟೆ ಚೆನ್ನಾಗಿ ಕಾಣಬೇಕಂದ್ರೆ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, ಚಳಿಗಾಲದಲ್ಲಿ ಬೆಳೆಸೋದೇ ಸರಿ.

ಟ್ರೇಯಲ್ಲಿ ಪೂರ್ತಿ ಬೆಳ್ಳಗೆ ಹುಟ್ಟೋ ಸಸಿ ಕಿತ್ತುಬಿಡಿ. ಪತ್ರಹರಿತ್ತು ಇಲ್ಲದ್ದು ಬದುಕಲ್ಲ. ಅರ್ಧಂಬರ್ಧ ಇರೋದನ್ನ ಉಳಿಸಿಕೊಳ್ಳಿ. ಬರೀ ಹಸಿರು ಕವಲು ಬಂದ್ರೆ ಬೆರಳುದ್ದ ಇರುವಾಗಲೇ ಬುಡದಿಂದ ಚಿವುಟಿ, ಇಲ್ಲಾಂದ್ರೆ ಅದೇ ಜೋರಾಗಿ ಬೆಳೆದು ಗಿಡ ಆವರಿಸುತ್ತೆ. ಯೂರಿಯಾ ಬೇಡ. ಬಿಳಿ ಭಾಗ ಮಧ್ಯಾಹ್ನದ ಬಿಸಿಲಿಗೆ ಕಾಗದದ ಥರ ಸುಟ್ಟು ಕಂದಾಗುತ್ತೆ, ಹಾಗಾಗಿ ಬೇಸಿಗೆಯಲ್ಲಿ ನೆರಳು ಬಲೆ ಬೇಕು.

ರೋಗದ ಅನುಮಾನ ಇದ್ದವರಿಗೆ: ತಳಿಯ ಪಟ್ಟೆಗೆ ಅಂಚು ಸ್ಪಷ್ಟ, ಎಲೆ ಮಟ್ಟಸ. ಎಲೆ ಮೇಲಕ್ಕೆ ಮುದುಡಿ ಗಿಡ ಕುಳ್ಳಾದ್ರೆ ಬಿಳಿ ನೊಣ ತಂದ ಎಲೆ ಮುದುಡು ರೋಗ. ಕೆಳಗಿನ ಎಲೆಯಲ್ಲಿ ನರ ಹಸಿರಿದ್ದು ನಡುವೆ ಹಳದಿಯಾದ್ರೆ ಮೆಗ್ನೀಷಿಯಂ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಷಿಯಂ ಸಲ್ಫೇಟ್) ಬೆರೆಸಿ ಸಿಂಪಡಿಸಿ. ಅಂದಹಾಗೆ, ಅರಕಲಗೂಡು ಕಡೆಯವರು ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಚಿಗುರು ಚಿವುಟಬೇಡಿ. ಹೊಗೆಸೊಪ್ಪಲ್ಲಿ ಇರಬಹುದಾದ, ಎಲೆಗೆ ಮಚ್ಚೆ ತರೋ ಮೊಸಾಯಿಕ್ ವೈರಸ್ ಕೈಯಿಂದಲೇ ಟೊಮೆಟೊಗೆ ದಾಟುತ್ತೆ, ಸೋಪು ಹಾಕಿ ತೊಳೆದೇ ಗಿಡ ಮುಟ್ಟಿ.