ವಾಗ್ದಾನದ ಕಾರ್ಡಲ್ಲಿ ಬಂದ ಯೆರೆಮೀಯ 29:11 ನಂಗೆ ಹೇಳಿದ್ದಾ, ಬೇರೆ ಯಾರಿಗೋ ಹೇಳಿದ್ದಾ?

ನಾಲೆಬದಿ_ಮಂಡ್ಯ:
ಎಲ್ರಿಗೂ ವಂದನೆ. ನಮ್ ಸಭೆಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗುದ್ಮೇಲೆ ತಟ್ಟೆಲಿ ವಾಗ್ದಾನದ ಕಾರ್ಡ್ (ಆ ವರ್ಷಕ್ಕೆ ದೇವರು ಕೊಟ್ಟ ಮಾತು ಅಂತ ಒಂದೊಂದು ಬೈಬಲ್ ವಚನ ಬರ್ದಿರೋದು) ಇಟ್ಟಿರ್ತಾರೆ, ಒಬ್ಬೊಬ್ರು ಒಂದೊಂದು ಎತ್ಕಬೇಕು. 2023ಕ್ಕೆ ನಂಗೆ ಬಂದಿದ್ದು ಯೆರೆಮೀಯ 29:11, ನಿಮಗೆ ಕೇಡಲ್ಲ ಹಿತವನ್ನೇ ಯೋಚಿಸಿದೀನಿ ಅನ್ನೋ ವಚನ. ಆ ವರ್ಷ ಮಳೆ ಕೈಕೊಡ್ತು, ಕಬ್ಬು ನಿಂತಲ್ಲೇ ಒಣಗ್ತು, ಅದೇ ವರ್ಷ ಅಪ್ಪನೂ ಹೋದ್ರು. ಕಾರ್ಡು ಇನ್ನೂ ಫೋನ್ ಕವರ್ ಒಳಗೇ ಅದೆ. ನಿನ್ ನಂಬಿಕೆ ಸಾಲ್ದು ಕಣಪ್ಪ ಅಂದೋರೂ ಅವ್ರೆ, ಮೊನ್ನೆ ಹೊಸ ವರ್ಷಕ್ಕೆ ನಾನು ತಟ್ಟೆಗೆ ಕೈನೇ ಹಾಕ್ಲಿಲ್ಲ. ಬೈಬಲ್ಲಿನ ಕೀರ್ತನೆ ಓದು ಅಂತಾರೆ, 23, 91 ಓದಕ್ಕೋದ್ರೆ ಬಾಯಿಗೇ ಬರ್ತಿಲ್ಲ. ಏನ್ ಮಾಡದು?

ಸಂಡೇಸ್ಕೂಲ್_ಟೀಚರ್ (ಮೈಸೂರು):
ತಮ್ಮಾ, ಅಪ್ಪನ ವಿಷಯ ಓದಿ ಸಂಕಟ ಆಯ್ತು. ಕಾರ್ಡಲ್ಲಿ ಒಂದೇ ವಚನ ಇರತ್ತೆ, ಆದ್ರೆ ಅದು ಒಂದು ಕಾಗದದ ಮಧ್ಯದ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಸೆರೆ ಹಿಡ್ಕೊಂಡು ಹೋದ ಯೆಹೂದ್ಯ ಜನಕ್ಕೆ ಪ್ರವಾದಿ ಯೆರೆಮೀಯ ಯೆರೂಸಲೇಮಿಂದ ಬರೆದಿದ್ದು. 5ನೇ ವಚನದಿಂದ ಓದು, ಮನೆ ಕಟ್ಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕೇ ಪ್ರಾರ್ಥನೆ ಮಾಡಿ ಅಂತಾನೆ. 10ನೇದ್ರಲ್ಲಿ 70 ವರ್ಷ ಆದ್ಮೇಲೇ ವಾಪಸ್ ಬರೋದು ಅಂತಾನೆ. ಅಂದ್ರೆ ಆ ಕಾಗದ ಕೇಳಿಸ್ಕೊಂಡ ದೊಡ್ಡೋರಲ್ಲಿ ಮುಕ್ಕಾಲುಪಾಲು ಜನ ವಾಪಸ್ ಊರೇ ನೋಡಿರಲ್ಲ! ಅದಕ್ಕಿಂತ ಹಿಂದಿನ 28ನೇ ಅಧ್ಯಾಯದಲ್ಲಿ ಹನನ್ಯ ಅನ್ನೋನು ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗತ್ತೆ ಅಂತ ದೇವಾಲಯದಲ್ಲೇ ನಿಂತು ಹೇಳ್ತಾನೆ, ಅವನೇ ಸುಳ್ಳುಪ್ರವಾದಿ. ನಾವು ಯೆರೆಮೀಯನ ವಚನ ಇಟ್ಕೊಂಡು ಹನನ್ಯನ ಥರ ಓದ್ತೀವಿ, ನಂಗನ್ಸೋದು ಅಷ್ಟೆ. ನಿನ್ ನಂಬಿಕೆ ಸಾಲ್ದು ಅನ್ನೋ ಮಾತಿಗೆ ಆ ಅಧ್ಯಾಯದಲ್ಲಿ ಜಾಗ ಇಲ್ಲ.

ಕರ್ತನಸೇವಕ77:
ಟೀಚರಮ್ಮ, ಹಂಗಂತ ಅದು ನಮ್ದಲ್ಲ ಅಂದ್ಬಿಡಬೇಡಿ. ಹಿಂದೆ ಬರೆದಿದ್ದೆಲ್ಲಾ ನಮ್ಮ ಬುದ್ಧಿಗೇ ಬರೆದಿದ್ದು ಅಂತ ಅಪೊಸ್ತಲ ಪೌಲ ರೋಮಾಪುರದೋರಿಗೆ ಬರೆದ ಕಾಗದ 15:4ರಲ್ಲಿ ಹೇಳ್ತಾನಲ್ಲ.

ಸಂಡೇಸ್ಕೂಲ್_ಟೀಚರ್:
ಅಲ್ಲ ಅಂದಿಲ್ಲ ಬ್ರದರ್. ನಮ್ದೇ, 70 ವರ್ಷದ ಸಮೇತ ನಮ್ದು.

ಫಿಲೋಮಿನಾ_ಹತ್ರ:
ನಾನು ಕ್ಯಾಥೊಲಿಕ್, ಮೈಸೂರಿಂದ. ಅಣ್ಣ, 23 ಬಾಯಿಗೆ ಬರ್ದಿದ್ರೆ ಬಿಡಿ, 88 ತೆಗೀರಿ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೆಂಗೋ ಸ್ತುತಿಗೆ ತಿರುಗ್ಕೋತವೆ, 13 ನೋಡಿ, ಎಷ್ಟರವರೆಗೆ ಎಷ್ಟರವರೆಗೆ ಅಂತ ಶುರುವಾಗಿ ಹಾಡ್ತೀನಿ ಅಂತ ಮುಗಿಯತ್ತೆ. 88 ತಿರುಗೋದೇ ಇಲ್ಲ. ಇಬ್ರಿಯದಲ್ಲಿ ಅದರ ಕಟ್ಟಕಡೇ ಪದನೇ ಕತ್ತಲೆ. ನಮ್ಮ ಫಾದರ್‌ಗಳು, ಸಿಸ್ಟರ್‌ಗಳು ಪ್ರತಿ ಶುಕ್ರವಾರ ಮಲಗೋ ಮುಂಚೆ ಹೇಳೋ ಪ್ರಾರ್ಥನೆಲಿ ಇದೇ ಕೀರ್ತನೆ ಇದೆ, ಕ್ರಿಸ್ತ ಸತ್ತ ದಿನ ಅಲ್ವಾ. ಅವನೂ ಶಿಲುಬೆ ಮೇಲೆ 22ನೇ ಕೀರ್ತನೆನೇ ಕೂಗಿದ್ದು, ಯಾಕೆ ಕೈಬಿಟ್ಟೆ ಅಂತ. ದೇವರ ಹತ್ರ ಜಗಳ ಆಡಕ್ಕೆ ದೇವರೇ ಮಾತು ಕೊಟ್ಟವ್ನೆ, ಆಡಿ.

ಬೆಲ್ಲದಮಂಡಿ:
ಟಾಪಿಕ್ ಬಿಟ್ಟು ವಸಿ ಪಕ್ಕಕ್ಕೆ ಹೋಯ್ತೀನಿ. ವಾಗ್ದಾನದ ಕಾರ್ಡಲ್ಲಿ ಆಮೋಸ 8:5 ಬಂದೋರು ಯಾರಾದ್ರೂ ಇದೀರಾ? 😄 ಸಬ್ಬತ್ (ವಾರದ ವಿಶ್ರಾಂತಿ ದಿನ) ಯಾವಾಗ ಮುಗಿಯತ್ತೋ, ಯಾವಾಗ ಗೋಧಿ ಮಾರ್ತೀವೋ, ಅಳೆಯೋ ಕೊಳಗ ಚಿಕ್ಕದು ಮಾಡಣ, ಬೆಳ್ಳಿ ತೂಗೋ ಕಲ್ಲು ದೊಡ್ಡದು ಮಾಡಣ ಅಂತ ಕಾಯ್ತಾ ಕೂತಿರೋರ ಬಗ್ಗೆ ಅದು. ನಾನು ಬೆಲ್ಲದ ವ್ಯಾಪಾರದಲ್ಲಿ 14 ವರ್ಷ ಇದ್ದೋನು, ಸೂಟು ಅಂತ ರೈತರ ತೂಕದಲ್ಲಿ ಮುರ್ಕಳದು ನಮಗೆ ತಪ್ಪು ಅಂತಾನೇ ಅನ್ಸಿರ್ಲಿಲ್ಲ, ಭಾನುವಾರ ಸಭೆಲಿ ಕೂತು ಸೋಮವಾರದ ರೇಟ್ ಲೆಕ್ಕ ಹಾಕ್ತಿದ್ದೆ. ಈ ಅಧ್ಯಾಯ ಓದಿದ್ ದಿನ ನೆತ್ತಿ ಮೇಲೆ ಹೊಡ್ದಂಗಾಯ್ತು. ಆ ಆಮೋಸನೂ ಪ್ರವಾದಿ ಮನೆತನದೋನಲ್ಲ, ತೆಕೋವ ಅನ್ನೋ ಊರಿನ ಕುರಿ ಕಾಯೋನು, ಅತ್ತಿಹಣ್ಣು ಕೀಳೋನು, ನಮ್ ಹಳ್ಳಿ ಜನನೇ ಅನ್ಕಳಿ. ನಾಲೆಬದಿ ಅಣ್ಣ, ನಿಮ್ಮಂತೋರ ಬೆಲ್ಲನೂ ನಾನು ತೂಗಿರ್ಬೋದು. ಅದ್ಕೇ ಬರ್ದೆ.

ನಾಲೆಬದಿ_ಮಂಡ್ಯ:
ಎಲ್ರಿಗೂ ಥ್ಯಾಂಕ್ಸ್. ಮಂಡಿ ಅಣ್ಣ, ನೀವು ಬರ್ದಿದ್ದಕ್ಕೆ ಏನ್ ಹೇಳ್ಬೇಕೋ ಇನ್ನೂ ಗೊತ್ತಾಯ್ತಿಲ್ಲ. ನೆನ್ನೆ ರಾತ್ರಿ 88 ಜೋರಾಗೇ ಓದ್ದೆ, ಒಲೆ ಮುಂದೆ ಅವ್ವ ಇತ್ತು. ಇದೂ ಸತ್ಯವೇದದಲ್ಲೇ ಅದಾ ಅಂತ ಕೇಳ್ತು. ಹ್ಞೂ ಅಂದೆ. ಇನ್ನೊಂದ್ ಕಿತ ಓದು ಮಗ ಅಂತು.