ಸಕ್ಕರೆ ಬಿಟ್ಟು ಸಿಹಿ ಮಾತ್ರೆಗೆ ಬಂದೆ, ಹೊಟ್ಟೆ ಮಾತ್ರ ಕರಗುತ್ತಿಲ್ಲ

ರಾತ್ರಿಪಾಳಿ:
ನನಗೆ ರಾತ್ರಿ ಪಾಳಿ ಕೆಲಸ. ಕಣ್ಣು ಮುಚ್ಚದಿರಲಿ ಅಂತ ಕಾಫಿ ಮೇಲೆ ಕಾಫಿ, ನಡುವೆ ಒಂದು ಕೋಲಾ. ಹೋದ ವರ್ಷದಿಂದ ಕಾಫಿಗೆ ಸಕ್ಕರೆ ಬದಲು ಸುಕ್ರಲೋಸ್ ಮಾತ್ರೆ ಹಾಕುತ್ತಿದ್ದೇನೆ. ಕೋಲಾ ಕೂಡ ಡಯೆಟ್ ಆಯಿತು. ತೂಕ ಸ್ವಲ್ಪ ಇಳಿದು ಅಲ್ಲಿಗೇ ನಿಂತಿದೆ. ಸೊಂಟದ ಸುತ್ತಳತೆಯಂತೂ ಕದಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ.

ಈಗ ನಮ್ಮಕ್ಕ ಒಂದು ವಿಡಿಯೊ ಕಳಿಸಿದ್ದಾಳೆ. ನಾಲಿಗೆಗೆ ಸಿಹಿ ತಾಗಿದ್ದೇ ತಡ, ದೇಹ ಮೋಸಹೋಗಿ ಇನ್ಸುಲಿನ್ ಸುರಿಸುತ್ತದಂತೆ, ಅದೇ ಕೊಬ್ಬಾಗಿ ಕೂರುತ್ತದಂತೆ. "ಅದಕ್ಕಿಂತ ಸಕ್ಕರೆಯೇ ವಾಸಿ ಕಣೋ" ಅನ್ನುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅಂದಿದೆಯಂತೆ. ಗೊತ್ತಿರುವವರು ಹೇಳಿ, ಮತ್ತೆ ಸಕ್ಕರೆಗೇ ಹೋಗಲಾ?

ಬರೀಕಾಫಿ:
ಎರಡೂ ಬಿಡಿ ಸ್ವಾಮಿ. ನಾನು ಬಿಟ್ಟೆ. ಮೊದಮೊದಲು ಮುಖ ಕಿವುಚುತ್ತಿದ್ದೆ, ಈಗ ಸಿಹಿ ಹಾಕಿದರೆ ಗಂಟಲಿಗೆ ಇಳಿಯುವುದಿಲ್ಲ.

ತಟ್ಟೆಲೆಕ್ಕ:
ನಾನು ಆಸ್ಪತ್ರೆಯೊಂದರಲ್ಲಿ ಡಯೆಟೀಷಿಯನ್. ಈ ಪ್ರಶ್ನೆ ನನ್ನ ಮೇಜಿಗೆ ದಿನಾ ಬರುತ್ತದೆ, ವಿಡಿಯೊ ಸಮೇತ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸಕ್ಕರೆಗೆ ಮರಳಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಡೆನ್ಮಾರ್ಕ್‌ನಲ್ಲಿ ದಪ್ಪಗಿದ್ದ 47 ಮಂದಿಯನ್ನು ಗುಂಪು ಮಾಡಿ, 6 ತಿಂಗಳು ದಿನಕ್ಕೆ 1 ಲೀಟರ್ ಕುಡಿಸಿದರು. ಒಂದು ಗುಂಪಿಗೆ ಸಕ್ಕರೆ ಕೋಲಾ, ಒಂದಕ್ಕೆ ಡಯೆಟ್ ಕೋಲಾ, ಒಂದಕ್ಕೆ ಹಾಲು, ಒಂದಕ್ಕೆ ನೀರು. ಸಕ್ಕರೆ ಕೋಲಾದವರ ಲಿವರಿನಲ್ಲಿ ಮತ್ತು ಹೊಟ್ಟೆಯೊಳಗೆ ಕೊಬ್ಬು ಏರಿತು. ಡಯೆಟ್ ಕೋಲಾದವರು ನೀರು ಕುಡಿದವರ ಹಾಗೇ ಇದ್ದರು. ನಿಮ್ಮಕ್ಕನಿಗೆ ಇದೊಂದು ಸಾಕು.

ಇನ್ಸುಲಿನ್ ವಿಷಯ. ಬರೀ ಸುಕ್ರಲೋಸ್ ಬೆರೆಸಿದ ನೀರು ಕುಡಿದರೆ ಸಾಮಾನ್ಯವಾಗಿ ರಕ್ತದ ಸಕ್ಕರೆಯೂ ಇನ್ಸುಲಿನ್ನೂ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಸಿಹಿ ಗುರುತಿಸುವ ರಿಸೆಪ್ಟರ್‌ಗಳು, ಅಂದರೆ ರುಚಿ ಹಿಡಿಯುವ ಕಣಗಳು, ನಾಲಿಗೆಯಲ್ಲಷ್ಟೇ ಅಲ್ಲ, ಕರುಳಿನಲ್ಲೂ ಇವೆ. ಅದು ನಿಜ. ವಿಡಿಯೊದವರು ಅಲ್ಲಿಂದ ಒಂದೇ ನೆಗೆತಕ್ಕೆ ಸೊಂಟದ ಕೊಬ್ಬಿಗೆ ಬಂದುಬಿಡುತ್ತಾರೆ, ತೊಂದರೆ ಅಲ್ಲಿದೆ.

ಆದರೆ ಜೊತೆಗೆ ಬೇರೇನಾದರೂ ಹೊಟ್ಟೆಗೆ ಹೋದರೆ ಲೆಕ್ಕ ಬದಲಾಗುತ್ತದೆ, ಮತ್ತು ನಿಮಗೆ ಇದು ಮುಖ್ಯ. 2013ರಲ್ಲಿ ಬೊಜ್ಜಿದ್ದ 17 ಜನರಿಗೆ ಗ್ಲೂಕೋಸ್ ಕುಡಿಯುವ ಮುಂಚೆ ಒಮ್ಮೆ ನೀರು, ಇನ್ನೊಮ್ಮೆ ಸುಕ್ರಲೋಸ್ ಕೊಟ್ಟು ನೋಡಿದರು. ಸುಕ್ರಲೋಸ್ ಕೊಟ್ಟ ದಿನ ಇನ್ಸುಲಿನ್ ಶೇ. 20ರಷ್ಟು ಜಾಸ್ತಿ ಬಂತು. 2020ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರ ಪ್ರಯೋಗ ಪ್ರಕಟವಾಯಿತು. ಸುಕ್ರಲೋಸ್ ಜೊತೆ ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಪಿಷ್ಟದ ಪುಡಿ ಸೇರಿಸಿದ ಪೇಯವನ್ನು 2 ವಾರದಲ್ಲಿ 7 ಸಲ ಕುಡಿದವರಲ್ಲಿ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ಮಂಕಾಯಿತು. ಬರೀ ಸುಕ್ರಲೋಸ್ ಕುಡಿದವರಲ್ಲಿ ಹಾಗಾಗಲಿಲ್ಲ. ಚಿಕ್ಕ ಪ್ರಯೋಗಗಳೇ, ಒಪ್ಪುತ್ತೇನೆ. ಆದರೂ ನಾನು ನನ್ನ ಬಳಿ ಬರುವವರಿಗೆ ಹೇಳುವುದು ಇಷ್ಟು: ಡಯೆಟ್ ಕೋಲಾ ಕುಡಿಯಲೇಬೇಕಾದರೆ ಸುಮ್ನೆ ಅದನ್ನಷ್ಟೇ ಕುಡಿಯಿರಿ, ಬಿಸ್ಕತ್ತಿನ ಜೊತೆ ಬೇಡ.

ಇನ್ನು ತೂಕ. 330 ಮಿಲಿ ಸಕ್ಕರೆ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ 140 ಕ್ಯಾಲರಿ. ಕಾಫಿಗೆ ಹಾಕುವ ಒಂದು ಟೀ ಚಮಚ ಸಕ್ಕರೆ 16 ಕ್ಯಾಲರಿ ಅಷ್ಟೇ. ನಿಮಗೆ ಉಳಿತಾಯ ಆಗಿದ್ದು ಬಹುಪಾಲು ಕೋಲಾದಿಂದ. ತೂಕ ಇಳಿದ ಮೇಲೆ ದೇಹಕ್ಕೆ ಬೇಕಾಗುವ ಕ್ಯಾಲರಿಯೂ ಕಮ್ಮಿಯಾಗುತ್ತದೆ, ಹಾಗಾಗಿ ಅದೇ ಉಳಿತಾಯ ಕೊನೆತನಕ ಎಳೆಯುವುದಿಲ್ಲ. ಸಿಹಿ ಮಾತ್ರೆ ಕೊಬ್ಬು ಕರಗಿಸುವ ಔಷಧಿ ಅಲ್ಲ. ಒಳಗೆ ಬರುವುದನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ ಅದರ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದ್ದು, ತೂಕ ಇಳಿಸುವ ದಾರಿ ಅಂತ ಸಕ್ಕರೆ ಬದಲು ಬಳಸುವ ಈ ಸಿಹಿಗಳನ್ನು ನಂಬಿಕೊಳ್ಳಬೇಡಿ ಎಂದು. ವಿಷ ಅಂತ ಎಲ್ಲೂ ಹೇಳಿಲ್ಲ. ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿದಾಗ ಸಿಕ್ಕಿದ ಇಳಿಕೆ ಸರಾಸರಿ 0.71 ಕೆಜಿ, ಅದೂ ಹೆಚ್ಚಾಗಿ ಕೆಲವು ತಿಂಗಳ ಪ್ರಯೋಗಗಳಲ್ಲಿ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಈ ಸಾಲು ಯಾವ ವಿಡಿಯೊದಲ್ಲೂ ಬರಲ್ಲ, ಯಾಕೋ.

ಚುಚ್ಚುಮಾತು:
ಮೇಡಂ, ಆರು ತಿಂಗಳ ಪ್ರಯೋಗ ತಂದು ಸಮಾಧಾನ ಹೇಳಬೇಡಿ. ಅಮೆರಿಕದಲ್ಲಿ 1985ರಿಂದ ಯುವಕ ಯುವತಿಯರನ್ನು ಹಿಂಬಾಲಿಸಿಕೊಂಡು ಬಂದು, 25ನೇ ವರ್ಷದಲ್ಲಿ ಸ್ಕ್ಯಾನ್ ಮಾಡಿದ್ದಾರೆ. 2023ರಲ್ಲಿ ಪ್ರಕಟವಾಯಿತು. ಆಸ್ಪರ್ಟೇಮ್, ಸ್ಯಾಕರಿನ್ ಅನ್ನುವ ಕೃತಕ ಸಿಹಿಗಳನ್ನು, ಡಯೆಟ್ ಪೇಯವನ್ನು ಜಾಸ್ತಿ ತೆಗೆದುಕೊಂಡವರಿಗೆ ಹೊಟ್ಟೆಯೊಳಗೂ ಸ್ನಾಯುಗಳ ನಡುವೆಯೂ ಕೊಬ್ಬು ಜಾಸ್ತಿ. ಇದಕ್ಕೇನಂತೀರಿ? ಈ ಸಿಹಿಗಳು ಕರುಳಿನ ಬ್ಯಾಕ್ಟೀರಿಯಾ ಬದಲಿಸಿ ರಕ್ತದ ಸಕ್ಕರೆ ಏರಿಸುತ್ತವೆ ಅನ್ನುವ ಮಾತಿದೆಯಲ್ಲ, ಅದರ ಬಗ್ಗೆಯೂ ಸದ್ದಿಲ್ಲ. ಮತ್ತೆ ಡಯೆಟ್ ಪೇಯದ ಪರ ಬಂದ ಅಧ್ಯಯನಗಳಿಗೆ ದುಡ್ಡು ಕೊಟ್ಟವರು ಯಾರು ಅಂತಲೂ ನೋಡಿ.

ತಟ್ಟೆಲೆಕ್ಕ:
ಒಳ್ಳೆ ಪ್ರಶ್ನೆಗಳು. ದುಡ್ಡಿನ ಮಾತು ಸರಿ. 2016ರಲ್ಲಿ ಬಂದ ಒಂದು ವರ್ಷದ ಪ್ರಯೋಗದಲ್ಲಿ ಡಯೆಟ್ ಪೇಯದವರು ನೀರಿನವರಿಗಿಂತ ಜಾಸ್ತಿ ತೂಕ ಇಳಿಸಿದರು, ಖರ್ಚು ಕೊಟ್ಟಿದ್ದು ಅಮೆರಿಕದ ತಂಪು ಪಾನೀಯ ಕಂಪನಿಗಳ ಸಂಘ. ಅದಕ್ಕೇ ನಾನದನ್ನು ಎತ್ತಲಿಲ್ಲ.

25 ವರ್ಷದ ಅಧ್ಯಯನ ನೋಡಿದ್ದೇನೆ. ಆದರೆ ಡಯೆಟ್ ಕೋಲಾ ಹಿಡಿಯುವವರು ಯಾರು? ಆಗಲೇ ತೂಕ ಏರುತ್ತಿರುವವರು, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದು ಹೆದರಿದವರು. ಮಳೆ ಬಂದ ದಿನ ಕೊಡೆ ಜಾಸ್ತಿ ಕಾಣುತ್ತದೆ, ಕೊಡೆಯಿಂದ ಮಳೆ ಬಂತು ಅನ್ನಲಾಗುತ್ತಾ? ಲೆಕ್ಕದಲ್ಲಿ ಅದನ್ನೆಲ್ಲ ಕಳೆಯಲು ಪ್ರಯತ್ನಿಸುತ್ತಾರೆ, ಪೂರ್ತಿ ಹೋಗುವುದಿಲ್ಲ. ಅದೇ ಅಧ್ಯಯನದಲ್ಲಿ ಸುಕ್ರಲೋಸ್‌ಗೂ ಕೊಬ್ಬಿಗೂ ನಂಟು ಕಾಣಲಿಲ್ಲ. ಇದನ್ನು ಹಿಡಿದು ಸುಕ್ರಲೋಸ್ ಒಳ್ಳೆಯದು ಅಂತಲೂ ಹಿಗ್ಗಬೇಡಿ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದೇ 1998ರಲ್ಲಿ, ಅಷ್ಟು ದೀರ್ಘ ಕಾಲದ ಬಳಕೆ ಅವರಲ್ಲಿ ಇರಲೇ ಇಲ್ಲ.

ಇದಕ್ಕಿಂತ ನನಗೆ ನಂಬಿಕೆ ಇರುವುದು ನೆದರ್ಲೆಂಡ್ಸ್‌ನ ಮಕ್ಕಳ ಪ್ರಯೋಗದ ಮೇಲೆ. 641 ಮಕ್ಕಳು, 18 ತಿಂಗಳು, ದಿನಕ್ಕೆ 250 ಮಿಲಿ. ಯಾರ ಡಬ್ಬಿಯಲ್ಲಿ ಸಕ್ಕರೆ, ಯಾರದರಲ್ಲಿ ಸುಕ್ರಲೋಸ್ ಮತ್ತು ಅಸೆಸಲ್ಫೇಮ್ ಅನ್ನುವ ಇನ್ನೊಂದು ಕೃತಕ ಸಿಹಿ ಅಂತ ಮಕ್ಕಳಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಬೆಳೆಯುವ ಮಕ್ಕಳಾದ್ದರಿಂದ ಎಲ್ಲರ ತೂಕವೂ ಏರಿತು. ಸಕ್ಕರೆಯವರು 7.37 ಕೆಜಿ, ಕೃತಕ ಸಿಹಿಯವರು 6.35 ಕೆಜಿ. ಮೈಕೊಬ್ಬು ಕೂಡ ಕಮ್ಮಿ. ಯಾವುದು ಅಂತ ಗೊತ್ತಿಲ್ಲದಿದ್ದಾಗ "ಡಯೆಟ್ ಕುಡಿದಿದ್ದೀನಲ್ಲ" ಅಂತ ಇನ್ನೊಂದು ತುಂಡು ಬಾಯಿಗೆ ಹಾಕಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ? ದೊಡ್ಡವರಲ್ಲಿ ಉಳಿತಾಯ ಸೋರಿಹೋಗುವುದು ಹೆಚ್ಚಾಗಿ ಅಲ್ಲೇ ಅಂತ ನನ್ನ ಅಂದಾಜು.

ಬ್ಯಾಕ್ಟೀರಿಯಾ ಮಾತನ್ನು ತಳ್ಳಿಹಾಕುವುದಿಲ್ಲ. 2022ರಲ್ಲಿ ಇಸ್ರೇಲ್‌ನಲ್ಲಿ 120 ಆರೋಗ್ಯವಂತರ ಮೇಲೆ 2 ವಾರ ಪ್ರಯೋಗವಾಯಿತು. ಸ್ಯಾಕರಿನ್, ಸುಕ್ರಲೋಸ್ ತೆಗೆದುಕೊಂಡವರಲ್ಲಿ ಗ್ಲೂಕೋಸ್ ಕುಡಿದ ಮೇಲೆ ರಕ್ತದ ಸಕ್ಕರೆ ಮುಂಚಿಗಿಂತ ಜಾಸ್ತಿ ಏರಿತು. ಆಸ್ಪರ್ಟೇಮ್‌ನಲ್ಲಿ, ಸ್ಟೀವಿಯಾ ಅನ್ನುವ ಗಿಡದ ಎಲೆಯ ಸಿಹಿಯಲ್ಲಿ ಹಾಗಾಗಲಿಲ್ಲ. ಎಲ್ಲರಲ್ಲೂ ಒಂದೇ ತರಹವೂ ಇರಲಿಲ್ಲ. ಅದಕ್ಕೂ ಮುಂಚೆ, 2021ರಲ್ಲಿ, ಬರೀ ಸ್ಯಾಕರಿನ್ ಕೊಟ್ಟ ಬೇರೊಂದು ಪ್ರಯೋಗದಲ್ಲಿ ಏನೂ ಬದಲಾಗಿರಲಿಲ್ಲ. ಮತ್ತೆ ಇಸ್ರೇಲ್‌ನವರು ನೋಡಿದ್ದು ರಕ್ತದ ಸಕ್ಕರೆ. ಕೊಬ್ಬು ಏರಿತು ಅಂತ ಅದರಿಂದ ಹೇಳಲಾಗುವುದಿಲ್ಲ.

ರಾತ್ರಿಪಾಳಿ:
ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಸುಕ್ರಲೋಸ್ ಬದಲು ಜೇನು ಅಥವಾ ಎರಿಥ್ರಿಟಾಲ್ ಅನ್ನುವ ಸಿಹಿ ಪುಡಿ ಹಾಕಿಕೊಳ್ಳಲಾ? "ನೈಸರ್ಗಿಕ" ಅಂತ ಬರೆದಿರುತ್ತಲ್ಲ.

ತಟ್ಟೆಲೆಕ್ಕ:
ಜೇನೂ ಸಕ್ಕರೆಯೇ, ನೀರು ಬೆರೆತ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಎರಿಥ್ರಿಟಾಲ್‌ನಲ್ಲಿ ಗ್ರಾಮಿಗೆ ಸುಮಾರು 0.2 ಕ್ಯಾಲರಿ ಮಾತ್ರ, ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಆದರೆ ರಕ್ತದಲ್ಲಿ ಅದು ಜಾಸ್ತಿ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಅಂತ 2023ರಲ್ಲಿ ಒಂದು ವರದಿ ಬಂತು. ಅದನ್ನು ನಮ್ಮ ದೇಹವೇ ಸ್ವಲ್ಪ ತಯಾರಿಸುತ್ತದೆ, ಹಾಗಾಗಿ ತಿಂದದ್ದರಿಂದಲೇ ಅಪಾಯ ಅಂತ ತೀರ್ಮಾನವಾಗಿಲ್ಲ. ಆದರೂ ಇದ್ದದ್ದನ್ನು ಬಿಟ್ಟು ಅದಕ್ಕೆ ಹೋಗಲು ಕಾರಣವೂ ಕಾಣುತ್ತಿಲ್ಲ.

ನಿಮ್ಮ ಮಾತ್ರೆ ಸದ್ಯಕ್ಕೆ ಇರಲಿ. ಸುತ್ತಳತೆಯ ವಿಷಯದಲ್ಲಿ ನನಗೆ ಅನುಮಾನ ಕಾಫಿಗಿಂತ ನಿದ್ದೆಯ ಮೇಲೆ, ರಾತ್ರಿ ಪಾಳಿಯಲ್ಲಿ ತಿನ್ನುವುದರ ಮೇಲೆ. ಒಂದು ವಾರ ರಾತ್ರಿ ಏನೇನು ತಿಂದಿರಿ, ಹಗಲು ಎಷ್ಟು ಗಂಟೆ ಮಲಗಿದಿರಿ ಅಂತ ಬರೆದು ಇಲ್ಲಿ ಹಾಕಿ, ನೋಡೋಣ.