ಬೀದಿಯವರೆಲ್ಲ ಸೇರಿ ಹಿಟ್ಟು ತಿಗಣೆಗೆ ಜೈವಿಕ ಮದ್ದು ಮಾಡಿಕೊಳ್ಳಬಹುದಾ? (ಶಿವಮೊಗ್ಗ, ತಾರಸಿ ತೋಟ)

ತಾರಸಿ_ವಿನೋಬನಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗದ ವಿನೋಬನಗರ. ನಮ್ಮ ಅಡ್ಡರಸ್ತೆಯಲ್ಲಿ ಏಳೆಂಟು ಮನೆಯವರು ತಾರಸಿ ಮೇಲೆ ಕುಂಡ ಇಟ್ಟುಕೊಂಡು ತರಕಾರಿ ಬೆಳೆಯುತ್ತೇವೆ. ಬದನೆ, ಬೆಂಡೆ, ಹಸಿಮೆಣಸು, ಬಸಳೆ, ದಾಸವಾಳ, ಎರಡು ಮನೆಯಲ್ಲಿ ಡ್ರಮ್ಮಿನಲ್ಲಿ ಪೇರಲೆ. ಮಳೆಗಾಲದಲ್ಲಿ ಹುಳದ ಕಾಟ ಅಷ್ಟಿಲ್ಲ. ಬಿಸಿಲು ಏರಿತು ಅಂದರೆ ಹಿಟ್ಟು ತಿಗಣೆ ಶುರು. ದಾಸವಾಳದ ಮೊಗ್ಗಿಗೆ ಬೆಳ್ಳಗೆ ಹತ್ತಿಕೊಂಡು, ಅಲ್ಲಿಂದ ಬದನೆಗೆ, ಬದನೆಯಿಂದ ಪಕ್ಕದ ಮನೆಗೆ.

ಈಗ ಒಬ್ಬೊಬ್ಬರದು ಒಂದೊಂದು ವೈದ್ಯ. ಎದುರು ಮನೆಯವರು ಬೇವಿನೆಣ್ಣೆ ಹೊಡೆಯುತ್ತಾರೆ. ನಾನು ಸೋಪಿನ ನೀರು. ಮೂಲೆ ಮನೆಯ ಹಿರಿಯರು ಊರಿನ ಅಡಿಕೆ ತೋಟಕ್ಕೆ ತಂದ ಬಾಟಲಿಯಲ್ಲೇ ಸ್ವಲ್ಪ ಉಳಿಸಿಕೊಂಡು ಬಂದು ಹೊಡೆಯುತ್ತಾರೆ. ಆಮೇಲೆ ಪ್ರೀತಿಯಿಂದ ಬದನೆಕಾಯಿ ಕೊಟ್ಟು ಕಳಿಸುತ್ತಾರೆ! ಬೇಡ ಅನ್ನುವ ಹಾಗಿಲ್ಲ, ತಿನ್ನುವ ಹಾಗೂ ಇಲ್ಲ.

ಸಂಕ್ರಾಂತಿ ದಿನ ಎಳ್ಳು ಬೀರಲು ಹೋದಾಗ ಹೆಂಗಸರೆಲ್ಲ ಸೇರಿ ಮಾತಾಡಿದೆವು. ಎಲ್ಲರೂ ದುಡ್ಡು ಹಾಕಿ ಒಂದೇ ಕಡೆ ಏನಾದರೂ ಜೈವಿಕ ಮದ್ದು ಮಾಡಿ ಹಂಚಿಕೊಂಡರೆ ಹೇಗೆ ಅಂತ. ಒಂದು ಮನೆಯ ಕಾರ್ ಶೆಡ್ ಖಾಲಿ ಇದೆ. ಸಗಣಿಗೆ ಕೊರತೆ ಇಲ್ಲ, ಹಿಂದಿನ ರಸ್ತೆಯಲ್ಲಿ ಹಾಲು ಕೊಡುವವರ ಕೊಟ್ಟಿಗೆ ಇದೆ. ಅಕ್ಕಿ ಬೇಯಿಸಿ ಅದರ ಮೇಲೆ ಬವೇರಿಯಾ ಅನ್ನುವ, ಹುಳ ಕೊಲ್ಲುವ ಶಿಲೀಂಧ್ರ ಬೆಳೆಸುವುದನ್ನು ಒಂದು ವಿಡಿಯೋದಲ್ಲಿ ತೋರಿಸಿದ್ದರು. ಅದು ಮನೆಯಲ್ಲಿ ಆಗುವ ಕೆಲಸವಾ? ಅಥವಾ ಬೇರೆ ಏನು ಮಾಡಬಹುದು? ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಹಸಿರು_ಭದ್ರಾವತಿ:

ಅಕ್ಕ, ಇಷ್ಟೆಲ್ಲ ಯಾಕೆ? ಜೀವಾಮೃತ ಮಾಡಿ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಏಳೆಂಟು ಮನೆಗೆ ಒಂದು ಡ್ರಮ್ ಸಾಕು. ಗಿಡ ಗಟ್ಟಿಯಾದರೆ ಹುಳ ತಾನಾಗೇ ಬರುವುದಿಲ್ಲ.

ಗೋಪಾಳದ_ಕುಂಬಳಕಾಯಿ:

ಭದ್ರಾವತಿ ತಮ್ಮ, ಜೀವಾಮೃತ ಬೇಡ ಅನ್ನುವುದಿಲ್ಲ. ಅದು ಮಣ್ಣಿಗೆ. ಹಿಟ್ಟು ತಿಗಣೆ ಮೈಗೆ ಮೇಣದ ಪುಡಿ ಮೆತ್ತಿಕೊಂಡು ಕೂತಿರುತ್ತದೆ, ನೀರು ಜಾರಿ ಹೋಗುತ್ತದೆ. ಗಟ್ಟಿ ಗಿಡದ ರಸ ಅದಕ್ಕೆ ಇನ್ನೂ ರುಚಿ.

ಅಕ್ಕ, ನಾನು ಜೈವಿಕ ಕೀಟ ನಿಯಂತ್ರಣದ ಲ್ಯಾಬೊಂದರಲ್ಲಿ ಸಹಾಯಕನಾಗಿದ್ದು ರಿಟೈರ್ ಆದವನು. ಸಾಹೇಬರು ಪೇಪರ್ ಬರೆಯುತ್ತಿದ್ದರು, ನಾನು ಕುಂಬಳಕಾಯಿ ಒರೆಸುತ್ತಿದ್ದೆ. ಹಾಗಾಗಿ ಕುಂಬಳಕಾಯಿ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಆ ಅಕ್ಕಿಯ ವಿಷಯ. ಬೇಡ. ಲ್ಯಾಬಿನಲ್ಲಿ ಅಕ್ಕಿಯನ್ನು ಆಟೋಕ್ಲೇವ್ ಅನ್ನುವ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ 121 ಡಿಗ್ರಿ ಬಿಸಿಗೆ ಇಟ್ಟು, ಗಾಳಿಯಲ್ಲಿ ಬೇರೆ ಬೂಸಲು ಬೀಳದ ಹಾಗೆ ಶಿಲೀಂಧ್ರದ ಬೀಜ ಹಾಕುತ್ತಾರೆ. ಅಷ್ಟಾದರೂ ಕೆಲವು ಚೀಲ ಕೆಡುತ್ತವೆ. ಶಿವಮೊಗ್ಗದ ತೇವದಲ್ಲಿ, ಕಾರ್ ಶೆಡ್ಡಿನಲ್ಲಿ, ಬೇಯಿಸಿದ ಅಕ್ಕಿಯ ಮೇಲೆ ಏನು ಬೆಳೆಯುತ್ತದೆ ಅಂತ ಹೇಳುವವರು ಯಾರು? ಮೆಟರೈಜಿಯಂ ಅನ್ನುವ ಒಳ್ಳೆಯ ಶಿಲೀಂಧ್ರವೂ ಹಸಿರು. ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಕೆಟ್ಟದ್ದೂ ಹಳದಿ ಹಸಿರು. ಅದು ಅಫ್ಲಾಟಾಕ್ಸಿನ್ ವಿಷ ಮಾಡುತ್ತದೆ. ಬರಿಗಣ್ಣಿಗೆ ಪಕ್ಕಾ ವ್ಯತ್ಯಾಸ ಹೇಳುವುದು ಕಷ್ಟ. ಮನೆಯಲ್ಲಿ ಉಬ್ಬಸದವರು, ಸಣ್ಣ ಮಕ್ಕಳು ಇದ್ದರೆ ಆ ಪುಡಿ ಉಸಿರಲ್ಲಿ ಹೋಗುವುದು ಬೇಡವೇ ಬೇಡ. ಬವೇರಿಯಾ ಬೇಕೇಬೇಕು ಅಂದರೆ ಲೇಬಲ್, ಅವಧಿ ದಿನಾಂಕ ನೋಡಿ ಪ್ಯಾಕೆಟ್ ತನ್ನಿ, ಸಂಜೆ ಹೊತ್ತು ಹೊಡೆಯಿರಿ.

ನೀವು ಸಾಕಬೇಕಾದ್ದು ಹುಳ ತಿನ್ನುವ ಹುಳ. ಹೆಸರು ಕ್ರಿಪ್ಟೋಲೀಮಸ್. ಗುಲಗಂಜಿ ಹುಳದ ಜಾತಿಯದೇ, ಆದರೆ ಚುಕ್ಕಿ ಇಲ್ಲ. ಮೈ ಕಪ್ಪು, ತಲೆ ಮತ್ತು ಹಿಂಭಾಗದ ತುದಿ ಕಿತ್ತಳೆ ಕಂದು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಇದು ನಮ್ಮದಲ್ಲ, ಆಸ್ಟ್ರೇಲಿಯಾದ್ದು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆ ಅಂತ ಭಾರತಕ್ಕೆ ತಂದರು. ಆಮೇಲೆ ಅದು ಹಿಟ್ಟು ತಿಗಣೆ ತಿನ್ನುವುದರಲ್ಲೇ ಹೆಸರು ಮಾಡಿತು. ದೊಡ್ಡದೂ ತಿನ್ನುತ್ತದೆ, ಮರಿಯೂ ತಿನ್ನುತ್ತದೆ, ತಿಗಣೆಯ ಮೊಟ್ಟೆಚೀಲದೊಳಗೇ ತನ್ನ ಮೊಟ್ಟೆ ಇಡುತ್ತದೆ.

ಈ ಹುಳವನ್ನು ಸಾಕುವುದು ಸಿಹಿ ಕುಂಬಳದ ಮೇಲೆ. ನಮ್ಮ ಕಡೆ ಚೀನಿಕಾಯಿ ಅನ್ನುತ್ತೇವಲ್ಲ, ಅದೇ. ಎರಡು ಕೆಜಿ ಆಸುಪಾಸಿನದು, ಚೆನ್ನಾಗಿ ಬಲಿತದ್ದು, ಗೀರು ಗೀರಾಗಿ ಪಟ್ಟೆ ಇರುವುದು, ತೊಟ್ಟು ಇರುವುದು. ನುಣ್ಣಗಿನ ಕಾಯಿ ತರಬೇಡಿ, ತಿಗಣೆಗೆ ಕೂರಲು ಸಂದು ಬೇಕು. ಧೂಳು ಒರೆಸಿ, ಎಲ್ಲಾದರೂ ಗಾಯ ಇದ್ದರೆ ಮೇಣದಬತ್ತಿ ಕರಗಿಸಿ ಹಚ್ಚಿ. ಇಲ್ಲದಿದ್ದರೆ ಅಲ್ಲಿಂದಲೇ ಕೊಳೆಯುತ್ತದೆ. ಲ್ಯಾಬಿನಲ್ಲಿ ಶಿಲೀಂಧ್ರನಾಶಕದಲ್ಲೂ ಒರೆಸುತ್ತಾರೆ. ಮನೆಯಲ್ಲಿ ಒಂದೆರಡು ಕಾಯಿ ಕೊಳೆತರೆ ಕೊಳೆಯಲಿ ಬಿಡಿ.

ಕಾಯಿಯನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ, ನೆಲಕ್ಕೆ ತಾಗದ ಹಾಗೆ ಒಂದು ರಿಂಗ್ ಮೇಲೆ ಇಡಿ. ನಿಮ್ಮ ದಾಸವಾಳದಿಂದಲೇ ಹಿಟ್ಟು ತಿಗಣೆಯ ಮೊಟ್ಟೆಚೀಲ ತಂದು ಅದರ ಮೇಲೆ ಬಿಡಿ. ಹದಿನೈದು ದಿನಕ್ಕೆ ಕಾಯಿ ತುಂಬ ಮರಿ ಹತ್ತಿರುತ್ತದೆ. ಆಗ ಕ್ರಿಪ್ಟೋಲೀಮಸ್ ದುಂಬಿ ಬಿಡಬೇಕು. ತಿಂಗಳೊಳಗೆ ಹೊಸ ದುಂಬಿ ಹೊರಗೆ ಬರಲು ಶುರು. ಈಗ ಕಾಯಿ ತಂದಿಟ್ಟರೆ ಬೇಸಿಗೆ ಜೋರಾಗುವ ಹೊತ್ತಿಗೆ ಹುಳ ಕೈಗೆ ಬರುತ್ತದೆ. ಮೊದಲ ದುಂಬಿಗೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋವನ್ನು ಕೇಳಿ, ಎನ್‌ಬಿಎಐಆರ್ ಅನ್ನುತ್ತಾರೆ. ಇಲ್ಲೇ ನವಿಲೆಯ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲೂ ಒಮ್ಮೆ ವಿಚಾರಿಸಿ.

ಒಂದು ಮಾತು ಮಾತ್ರ ಬೀದಿಯವರಿಗೆಲ್ಲ ಹೇಳಿ. ಈ ಹುಳದ ಮರಿ ನೋಡಲು ಹಿಟ್ಟು ತಿಗಣೆ ತರಾನೇ ಇರುತ್ತದೆ. ಬೆಳ್ಳಗೆ, ಮೈತುಂಬ ಮೇಣದ ಎಳೆ. ಜನ ಇದನ್ನೇ ದೊಡ್ಡ ತಿಗಣೆ ಅಂದುಕೊಂಡು ಹಳೇ ಬ್ರಶ್ಶಿನಲ್ಲಿ ಉಜ್ಜಿ ಸಾಯಿಸುತ್ತಾರೆ. ತಿಗಣೆಗಿಂತ ಎರಡು ಮೂರು ಪಟ್ಟು ಉದ್ದ ಇದ್ದು, ಮುಟ್ಟಿದರೆ ಚುರುಕಾಗಿ ಓಡಿದರೆ ಅದು ನಮ್ಮವನು. ಬಿಟ್ಟುಬಿಡಿ.

ತಾರಸಿ_ವಿನೋಬನಗರ:

ಸಾರ್, ಓದಿ ಮೈ ಜುಮ್ ಅಂತು. ಹಿಟ್ಟು ತಿಗಣೆಯನ್ನು ನಾವೇ ಸಾಕುವುದಾ? ಮನೆಯವರಿಗೆ ಹೇಳಿದೆ, ನಕ್ಕರು. ಇನ್ನೊಂದು ಅನುಮಾನ. ನಮ್ಮ ಮನೆಯಲ್ಲಿ ಬಿಟ್ಟ ದುಂಬಿ ಪಕ್ಕದ ಮನೆಗೆ ಹಾರಿ ಹೋದರೆ ನಮ್ಮ ದುಡ್ಡು ದಂಡ ಅಲ್ವಾ?

ಗೋಪಾಳದ_ಕುಂಬಳಕಾಯಿ:

ಹಾರಲಿ ಅಂತಲೇ ಬೀದಿಯವರೆಲ್ಲ ಸೇರಿ ಮಾಡಿ ಅಂದಿದ್ದು ಅಕ್ಕ. ಹುಳಕ್ಕೆ ಕಾಂಪೌಂಡ್ ಗೊತ್ತಿಲ್ಲ. ತಿಗಣೆ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ, ತಿಗಣೆ ಮುಗಿದರೆ ಊಟ ಹುಡುಕಿಕೊಂಡು ಮುಂದಿನ ಮನೆಗೆ. ಒಬ್ಬರೇ ಸಾಕಿದರೆ ಇದು ನಷ್ಟದ ಬಾಬ್ತು. ಎಂಟು ಮನೆಯವರು ಸಾಕಿದರೆ ಲೆಕ್ಕ ಸರಿಹೋಗುತ್ತದೆ. ಪಪ್ಪಾಯಿಯ ಕಥೆ ನೆನಪಿದೆಯಾ? 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಎಲ್ಲಕ್ಕೂ ಹತ್ತಿತು. ಔಷಧಿ ಹೊಡೆದು ಹೊಡೆದು ಸಾಕಾಯಿತು. 2010ರಲ್ಲಿ ಪೋರ್ಟೊರಿಕೊದಿಂದ ಅಸೆರೊಫೇಗಸ್ ಪಪಾಯೆ ಅನ್ನುವ ಚುಕ್ಕಿಯಷ್ಟು ಕಣಜ ತಂದು ಬಿಟ್ಟರು. ತಿಗಣೆ ಹತೋಟಿಗೆ ಬಂತು. ಯಾವ ತೋಟದ ಬೇಲಿಯೂ ಆ ಕಣಜಕ್ಕೆ ಅಡ್ಡ ಬರಲಿಲ್ಲ.

ನಿಮಗೆ ಅಡ್ಡ ಬರುವುದು ಮೂಲೆ ಮನೆಯ ಬಾಟಲಿ. ಅದನ್ನು ಹೊಡೆದ ಗಿಡದ ಮೇಲೆ ದುಂಬಿ ಬಿಟ್ಟರೆ ಮೊದಲು ಸಾಯುವುದು ದುಂಬಿಯೇ, ತಿಗಣೆ ಮೇಣದೊಳಗೆ ಆರಾಮಾಗಿರುತ್ತದೆ. ಹೊಡೆದಿದ್ದರೆ ಕೆಲವು ವಾರ ಕಾಯಬೇಕು. ನಿಮ್ಮ ಸೋಪಿನ ನೀರೂ ದುಂಬಿ ಮರಿಯ ಮೈಮೇಲೆ ಬಿದ್ದರೆ ಅದನ್ನೂ ಸಾಯಿಸುತ್ತದೆ. ಅದನ್ನು ದುಂಬಿ ಬಿಡುವ ಮೊದಲು ಮುಗಿಸಿಕೊಳ್ಳಿ.

ಇನ್ನು ಇರುವೆ. ತಿಗಣೆ ಸಿಹಿ ರಸ ಬಿಡುತ್ತದೆ, ಇರುವೆ ಅದನ್ನು ಕುಡಿಯುತ್ತದೆ, ಬದಲಿಗೆ ತಿಗಣೆಯ ಹತ್ತಿರ ಬಂದ ದುಂಬಿಯನ್ನು ಕಚ್ಚಿ ಓಡಿಸುತ್ತದೆ. ಇರುವೆ ತಡೆಯದೆ ದುಂಬಿ ಬಿಟ್ಟರೆ ಸುಮ್ನೆ ದುಡ್ಡು ಹಾಳು. ಪೇರಲೆ, ದಾಸವಾಳದ ಬುಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ತೊಗಟೆಗೆ ನೇರ ಬೇಡ. ಗೋಡೆಗೆ ತಾಗುವ ಕೊಂಬೆ ಕತ್ತರಿಸಿ, ಇಲ್ಲದಿದ್ದರೆ ಅದೇ ಸೇತುವೆ.

ಕೊಪ್ಪದ_ಮಾಣಿ:

ಇರುವೆ ಬಗ್ಗೆ ಒಂದು ತಕರಾರು. ನಮ್ಮಲ್ಲಿ ಮಾವು, ಗೇರು ಮರದ ಮೇಲೆ ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಗೂಡು ಇದ್ದರೆ ಅಜ್ಜ ಮುಟ್ಟಲು ಬಿಡುತ್ತಿರಲಿಲ್ಲ. ಹುಳ ಹಿಡಿಯುತ್ತದೆ ಅಂತ. ಚಟ್ನಿಗೂ ಆಯಿತು. ಅದನ್ನೇ ತಾರಸಿಗೆ ತಂದರೆ?

ಗೋಪಾಳದ_ಕುಂಬಳಕಾಯಿ:

ಅಜ್ಜ ಹೇಳಿದ್ದು ಸರಿ ಮಾರಾಯ. ಚೀನಾದಲ್ಲಿ ಕಿತ್ತಳೆ ತೋಟಕ್ಕೆ ಚಗಳಿ ಗೂಡನ್ನು ಚೀಲದಲ್ಲಿ ಮಾರುತ್ತಿದ್ದರು, ಸುಮಾರು ಸಾವಿರದ ಏಳುನೂರು ವರ್ಷದ ಹಿಂದಿನ ಮಾತು. ಎಲೆ ತಿನ್ನುವ ಹುಳಕ್ಕೆ, ತಿಗಣೆ ಜಾತಿಯ ದೊಡ್ಡ ಕೀಟಕ್ಕೆ ಚಗಳಿ ಯಮ. ಆದರೆ ಹಿಟ್ಟು ತಿಗಣೆಯನ್ನು ಅದೂ ಸಾಕಿಕೊಳ್ಳುತ್ತದೆ. ಮೇಲಾಗಿ ಬಟ್ಟೆ ಒಣಹಾಕಲು ಬಂದವರ ಕುತ್ತಿಗೆಗೆ ಬಿದ್ದರೆ ನಿಮ್ಮ ಸಂಘ ಅವತ್ತೇ ಮುಚ್ಚುತ್ತದೆ.

ತೀರ್ಥಹಳ್ಳಿ_ಅಡಿಕೆ:

ಹುಳದ ಬಗ್ಗೆ ಅವರು ಹೇಳಿದ್ದಾರೆ. ಬುಡ ಕೊಳೆಯುವುದಕ್ಕೆ ನಾನು ಹೇಳುತ್ತೇನೆ. ಕಾರ್ ಶೆಡ್ಡಿನಲ್ಲಿ ಖಂಡಿತ ಮಾಡಬಹುದಾದದ್ದು ಟ್ರೈಕೋಡರ್ಮಾ ಗೊಬ್ಬರ. ಟ್ರೈಕೋಡರ್ಮಾ ಅಂದರೆ ಬುಡ ಕೊಳೆಸುವ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ. ನಾವು ತೋಟಕ್ಕೆ 90 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ ಲೆಕ್ಕದಲ್ಲಿ ಮಾಡುತ್ತೇವೆ. ನೀವು ಅದರ ಹತ್ತನೇ ಒಂದು ಭಾಗ ಮಾಡಿ. ಹಸಿ ಸಗಣಿ ಬೇಡ, ಚೆನ್ನಾಗಿ ಕಳಿತ ಪುಡಿ ಗೊಬ್ಬರ ಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ನೆರಳಲ್ಲಿ ರಾಶಿ ಮಾಡಿ ಒದ್ದೆ ಗೋಣಿ ಮುಚ್ಚಿ. ವಾರಕ್ಕೊಮ್ಮೆ ತಿರುವಿ. ಹದಿನೈದು ದಿನಕ್ಕೆ ಹಸಿರು ಬೂಸಲು ಹಬ್ಬಿರುತ್ತದೆ. ಕುಂಡಕ್ಕೆ ಒಂದೊಂದು ಹಿಡಿ. ಮೆಣಸಿನ ಸಸಿ ಬುಡ ಕೊಳೆತು ಬೀಳುವುದು ಕಡಿಮೆಯಾಗುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಹಾಕಿಬಿಡಿ.

ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವವರು ಇದ್ದರೆ ಹುಷಾರು. ಮೈಲುತುತ್ತ ಶಿಲೀಂಧ್ರ ಕೊಲ್ಲಲಿಕ್ಕೇ ಇರುವುದು. ಅದಕ್ಕೆ ಟ್ರೈಕೋಡರ್ಮಾ ಒಳ್ಳೆಯದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಕುಂಡಕ್ಕೆ ಒಟ್ಟಿಗೆ ಹಾಕಬೇಡಿ.

ಬೇವಿನ ಹಿಂಡಿ ನಮ್ಮ ಕಡೆಯದು ಅಲ್ಲ, ಬೇವು ಈ ಮಳೆಗೆ ಸರಿಯಾಗಿ ಬರುವುದಿಲ್ಲ. ಬಯಲುಸೀಮೆ ಕಡೆಯಿಂದ ಬಂದ ಚೀಲ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ವಾಸನೆ ನೋಡಿ ತಗೊಳ್ಳಿ, ಹಳೆಯದಕ್ಕೆ ಕಹಿ ಘಾಟು ಇರುವುದಿಲ್ಲ.

ಹಸಿರು_ಭದ್ರಾವತಿ:

ಜಾಸ್ತಿ ಆದದ್ದನ್ನು ಪ್ಯಾಕೆಟ್ ಮಾಡಿ ಭಾನುವಾರದ ಸಂತೆಯಲ್ಲಿ ಮಾರಬಹುದಲ್ವಾ? ಸಂಘಕ್ಕೂ ನಾಲ್ಕು ಕಾಸು.

ಗೋಪಾಳದ_ಕುಂಬಳಕಾಯಿ:

ಬೇಡ ತಮ್ಮ. ಟ್ರೈಕೋಡರ್ಮಾ, ಬವೇರಿಯಾ ಎಲ್ಲ 1968ರ ಕೀಟನಾಶಕ ಕಾಯ್ದೆಯ ಪಟ್ಟಿಯಲ್ಲಿವೆ. ಮದ್ದು ಅಂತ ಮಾರಬೇಕಾದರೆ ನೋಂದಣಿ, ಲೈಸೆನ್ಸ್ ಬೇಕು. ಸ್ವಂತ ಕೈತೋಟಕ್ಕೆ ಬಳಸುವುದಕ್ಕೆ ಅದೇ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಜೀವಂತ ದುಂಬಿಗೆ ಆ ನೋಂದಣಿಯ ಗೋಜಿಲ್ಲ. ದುಂಬಿ ಜಾಸ್ತಿ ಆದರೆ ಇನ್ನೊಂದು ಬೀದಿಯವರಿಗೆ ಕೊಡಲಿ, ಬದಲಿಗೆ ಒಂದು ಚೀನಿಕಾಯಿ ತಗೊಳ್ಳಲಿ.

ತಾರಸಿ_ವಿನೋಬನಗರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಾಗಾದರೆ ಅಕ್ಕಿ ಕೈಬಿಟ್ಟೆವು. ಟ್ರೈಕೋಡರ್ಮಾ ರಾಶಿ ಶೆಡ್ಡಿನ ಒಂದು ಮೂಲೆಗೆ, ಕುಂಬಳದ ಪೆಟ್ಟಿಗೆ ಬೇರೆ ಮನೆಯಲ್ಲಿ ಇಡೋಣ ಅಂತಿದ್ದೇವೆ. ಪೆಟ್ಟಿಗೆಯನ್ನು ಮೂಲೆ ಮನೆಯವರಿಗೇ ವಹಿಸಿದರೆ ಹೇಗೆ ಅಂತ ನಮ್ಮ ಅತ್ತೆ ಹೇಳಿದರು. ಅವರಿಗೆ ಹೊತ್ತು ಹೋಗುವುದಿಲ್ಲ, ಅಚ್ಚುಕಟ್ಟಿನ ಮನುಷ್ಯ ಬೇರೆ. ಬಾಟಲಿ ಬಿಡಿ ಅಂತ ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಕೊನೆಯದಾಗಿ, ಪೆಟ್ಟಿಗೆಗೆ ಸೊಳ್ಳೆ ಪರದೆ ಬಟ್ಟೆ ಹೊಡೆದರೆ ಸಾಕಾ?

ಗೋಪಾಳದ_ಕುಂಬಳಕಾಯಿ:

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಲ್ಯಾಬ್ ನಡೆಸುವ ತಲೆ ಅವರದು.

ಸೊಳ್ಳೆ ಪರದೆ ಸಾಲದು. ದುಂಬಿ ಒಳಗೇ ಇರುತ್ತದೆ, ಆದರೆ ಆಗ ತಾನೇ ಹುಟ್ಟಿದ ತಿಗಣೆ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಆ ತೂತಿನಲ್ಲಿ ಸಲೀಸಾಗಿ ಹೊರಗೆ ಬರುತ್ತದೆ. ಹಳೇ ವಾಯಿಲ್ ಸೀರೆ ಇದ್ದರೆ ಎರಡು ಮಡಿಕೆ ಮಾಡಿ ಮೊಳೆ ಹೊಡೆಯಿರಿ. ಪೆಟ್ಟಿಗೆಯ ಕಾಲು ನೀರಿನ ಬಟ್ಟಲಲ್ಲಿ ಇರಲಿ, ಇರುವೆ ಹತ್ತಬಾರದು. ಆ ನೀರಿಗೆ ಎರಡು ಹನಿ ಸೋಪು ಹಾಕಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಟ್ಟು ಬೀದಿಗೆಲ್ಲ ಡೆಂಗ್ಯೂ ಹಂಚುತ್ತದೆ. ಪೆಟ್ಟಿಗೆ ಇಟ್ಟ ಜಾಗದ ಹತ್ತಿರ ದಾಸವಾಳದ ಕುಂಡ ಬೇಡ. ಕಾಯಿ ತಂದ ಮೇಲೆ ಒಂದು ಫೋಟೋ ಹಾಕಿ, ಪಟ್ಟೆ ನೋಡಿ ಹೇಳುತ್ತೇನೆ.